ಗಂಡಸಿನ ಮಾತು, ಅಕ್ಕನ ಪಂಪು

ಬಂಟ್ವಾಳದಲ್ಲಿ ಪಂಪು ರಿಪೇರಿ ಅಂಗಡಿ ಇಟ್ಟ ಹೆಂಗಸು ನಾನು. ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಕಲಿಯಲು ಎರಡು ವರ್ಷ ಹಿಡಿಯಿತು; ‘ಗಂಡಸು’ ಎಂಬ ಮಾತಿನ ಅರ್ಥ ಕಲಿತು ಇನ್ನೂ ಮುಗಿದಿಲ್ಲ. ವಾರಕ್ಕೊಂದು ಹೊಸ ಪಾಠ ಸಿಗುತ್ತದೆ. ಏನೇ ಆದರೂ ಅಂಗಡಿ ಮುಚ್ಚುವುದಿಲ್ಲ ಎಂದು ಮಾತ್ರ ಮೊದಲ ದಿನವೇ ತೀರ್ಮಾನಿಸಿದ್ದೆ.

“ಗಂಡಸರು ಯಾರೂ ಇಲ್ವಾ?”

ಮೊದಲ ಗಿರಾಕಿ ಮೋಟರು ಇಳಿಸಿ ಕೇಳಿದ್ದೇ ಇದು. “ಇದ್ದಾರೆ, ಒಳಗೆ ಚಹಾ ಮಾಡ್ತಿದ್ದಾರೆ” ಎಂದೆ. ನನ್ನ ಗಂಡ ಶಾಲೆ ಮಾಸ್ಟ್ರು. ಬಲ್ಬು ಬದಲಿಸಲೂ ನನ್ನನ್ನೇ ಕರೆಯುವವರು. ಗಿರಾಕಿ ಅವರ ಹತ್ತಿರ, “ಆನ್ ಮಾಡಿದ್ರೆ ಗುಂಯ್ ಅಂತದೆ, ತಿರುಗುದಿಲ್ಲ” ಎಂದರು. ಇವರು ಗಂಭೀರವಾಗಿ ಕೇಳಿ ನನ್ನತ್ತ ತಿರುಗಿದರು.

“ಕೆಪಾಸಿಟರ್ ಹೋಗಿದೆ” ಎಂದೆ.

“ಕೆಪಾಸಿಟರ್ ಹೋಗಿದೆಯಂತೆ” ಎಂದರು ಇವರು.

“ನೋಡಿದ್ರಾ, ಗಂಡಸರಿದ್ರೆ ಬೇಗ ಗೊತ್ತಾಗ್ತದೆ” ಎಂದು ಗಿರಾಕಿ ನೆಮ್ಮದಿಯಿಂದ ಚಹಾ ಕುಡಿದರು.

“ಗಂಡಸರು ನಾವಿದ್ದೇವಲ್ಲ”

ವೇಣೂರಿನ ಒಂದು ಮನೆಗೆ ಬೋರ್‌ವೆಲ್ ಪಂಪು ಎತ್ತಲು ಚೈನ್ ಪುಲ್ಲಿ ತೆಗೆದುಕೊಂಡು ಹೋಗಿದ್ದೆ. ಅಣ್ಣತಮ್ಮಂದಿರು ಮೂವರು, “ಅದೆಲ್ಲ ಯಾಕೆ ಮಾರಾಯ್ರೆ? ಗಂಡಸರು ನಾವಿದ್ದೇವಲ್ಲ” ಎಂದು ಕೈಯಲ್ಲೇ ಎಳೆದರು. ಪಂಪು ಬಂತು, ಮೂವರ ಸೊಂಟವೂ ಹೋಯಿತು. ರಿಪೇರಿಯಾದ ಪಂಪು ಇಳಿಸುವುದು ಯಾವಾಗ ಎಂದು ಕೇಳಿದಾಗ ಹಿರಿಯವನ ಹೆಂಡತಿ ಫೋನಿನಲ್ಲಿ ಹೇಳಿದರು: “ಇವತ್ತೇ ಬನ್ನಿ ಅಕ್ಕ. ಮೂವರೂ ಮಲಗಿದ್ದಾರೆ, ಅಡ್ಡ ಬರುವವರಿಲ್ಲ.”

“ಗಂಡಸಿನ ಮಾತು ಅಂದ್ರೆ ಮಾತು”

ಮೂಡುಬಿದಿರೆ ಹತ್ತಿರದ ಒಂದು ದೊಡ್ಡ ಮನೆಯ ಯಜಮಾನರು ಊರೆದುರು ಹೇಳಿದ್ದರು: “ನನ್ನ ಪಂಪಿಗೆ ಹೆಂಗಸು ಕೈ ಹಾಕ್ಲಿಕ್ಕಿಲ್ಲ. ಇದು ಗಂಡಸಿನ ಮಾತು.” ಅವರು ಬೇಡ ಅಂದರೆ ಆ ಕಡೆಯವರು ಯಾರೂ ನನ್ನನ್ನು ಕರೆಯುವುದಿಲ್ಲ. ಅಂಗಡಿ ಉಳಿಯಬೇಕಾದರೆ ಆ ಒಂದು ಪಂಪು ನನಗೆ ಬೇಕೇ ಬೇಕಿತ್ತು. ಏಪ್ರಿಲ್ ಸೆಕೆಯಲ್ಲಿ ಅದು ಕೆಟ್ಟಿತು. ಬೇರೆ ರಿಪೇರಿಯವರು ಮೂರು ದಿನ ‘ಈಗ ಬಂದೆ’ ಎನ್ನುತ್ತಲೇ ಇದ್ದರಂತೆ. ಕರೆಯದಿದ್ದರೂ ಹೋಗಿ ಅಂಗಳದಲ್ಲಿ ನಿಂತೆ.

“ಮಾತು ಅಂದ್ರೆ ಮಾತು” ಎಂದರು ಯಜಮಾನರು.

ಒಳಗಿಂದ ಅವರ ಅಕ್ಕ ಬಂದರು. ಅಳಿಯಕಟ್ಟಿನ ಮನೆ, ಕಾರುಬಾರು ತಮ್ಮನದಾದರೂ ಆಸ್ತಿ ತಾಯಿಯಿಂದ ಮಗಳಿಗೆ. “ನೀನು ಹೇಳಿದ್ದು ನಿನ್ನ ಪಂಪಿಗಲ್ವಾ ತಮ್ಮ? ಬಾವಿ ಅಮ್ಮನದ್ದು, ಈಗ ನನ್ನದು. ಪಂಪೂ ನನ್ನದೇ” ಎಂದವರು ನನ್ನತ್ತ ತಿರುಗಿದರು. “ನೀನು ಬಿಚ್ಚು ಮಗಾ.”

ಒಂದು ಗಂಟೆಯಲ್ಲಿ ನೀರು ಬಂತು. ನನಗೆ ಕುಣಿಯುವಷ್ಟು ಖುಷಿ. ಯಜಮಾನರು ನೀರನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

“ಬೆಳ್ತಂಗಡಿಯಲ್ಲಿ ನಾನೇ ದುಡ್ಡು ಕೊಟ್ಟು ತೆಗೆದ ಜಾಗ ಉಂಟು. ಅಲ್ಲಿಯ ಪಂಪೂ ಕೆಟ್ಟಿದೆ.”

“ಅದು ನಿಮ್ಮದೇ ಅಲ್ವಾ? ನಿಮ್ಮ ಮಾತು?”

“ಮಾತು ತಪ್ಪುವ ಗಂಡಸಲ್ಲ ನಾನು. ನಾಳೆ ಒಂಬತ್ತು ಗಂಟೆಗೆ ಆ ಪಂಪನ್ನು ಅಕ್ಕನಿಗೆ ಕೊಟ್ಟುಬಿಡ್ತೇನೆ. ನೀವು ಹತ್ತಕ್ಕೆ ಬನ್ನಿ.”