ಚಿಕ್ಕಮ್ಮ ಬಾಯಿ ಮುಚ್ಚಿಸಿದ ವಿಡಿಯೋಗಳು

ಅಂತರ್ಜಾಲದಲ್ಲಿ ಯಾರೇ ಪಾಠ ಮಾಡಲಿ, ನಮ್ಮ ಚಿಕ್ಕಮ್ಮ ಮೊದಲು ಅವರ ಬಾಯಿ ಮುಚ್ಚಿಸುತ್ತಾರೆ. ಆಮೇಲೆ ತಾವು ಶುರು ಮಾಡುತ್ತಾರೆ!

ಚಿಕ್ಕಮ್ಮ ನಮ್ಮ ಮದ್ದೂರು ತಾಲೂಕಿನ ಕೊಪ್ಪದ ಕಡೆಯ ಹಳ್ಳಿ ಶಾಲೆಯಲ್ಲಿ ಟೀಚರ್. ನಾನು ಮದ್ದೂರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವವಳು. ಅಂತರ್ಜಾಲದಲ್ಲಿ ಸಿಗುವ ವಿಡಿಯೋ, ಚಿತ್ರಗಳಿಂದ ತರಗತಿಗೆ ಚಟುವಟಿಕೆ ಕಟ್ಟುವುದನ್ನು ಹೇಳಿಕೊಡುತ್ತೇನೆ. ಸ್ವಂತ ಚಿಕ್ಕಮ್ಮನೇ ಮುಂದಿನ ಸಾಲಿನಲ್ಲಿ ಬಂದು ಕೂತರೆ ತರಬೇತಿ ನಡೆಯುತ್ತದೆಯೇ? ನಾನು ಗಂಭೀರವಾಗಿ ಪ್ರೊಜೆಕ್ಟರ್ ಸರಿಮಾಡುತ್ತಿದ್ದರೆ, "ಮಗ, ತಿಂಡಿ ತಿಂದ್ಯಾ?" ಎಂದು ಎಲ್ಲರೆದುರು ಕೇಳಿಬಿಟ್ಟರು.

ಭೂಮಿ ತಿರುಗುವ ವಿಡಿಯೋ ಹಾಕಿದೆ. ಅದರೊಳಗಿನ ಹೆಂಗಸು ಇಂಪಾಗಿ, "ಭೂಮಿಯ ಅಕ್ಷಭ್ರಮಣದಿಂದ ಹಗಲು ರಾತ್ರಿಗಳು ಉಂಟಾಗುತ್ತವೆ" ಎಂದಳು.

"ಯಾರ್ ಮಗ ಇವ್ಳು, ವಾರ್ತೆ ಓದೋಳಾ? ನಮ್ ಐಕ್ಳು ನಿದ್ದೆ ಮಾಡ್ತವೆ ಬುಡು" ಎಂದು ಚಿಕ್ಕಮ್ಮ ಎದ್ದುಬಂದು ದನಿ ನಿಲ್ಲಿಸಿದರು. ಕೂತಿದ್ದ ಶಿಕ್ಷಕರೇ ಮಕ್ಕಳೆಂಬಂತೆ ಪಾಠ ಶುರುಮಾಡಿದರು: "ನೋಡ್ರುಲಾ, ಭೂಮ್ತಾಯಿ ನಿಂತಲ್ಲೇ ಸುತ್ತಾವ್ಳೆ. ಸೂರ್ಯಪ್ಪ ಕುಂತ ಜಾಗ ಬುಟ್ಟು ಏಳಾಕಿಲ್ಲ. ಅವನ್ ಕಡೀಕೆ ಮುಖ ಮಾಡುದ್ರೆ ಅಗಲು, ಬೆನ್ ಮಾಡುದ್ರೆ ರಾತ್ರಿ."

ಮಳವಳ್ಳಿಯ ಮೇಷ್ಟ್ರೊಬ್ಬರು ಎದ್ದು, "ನಮ್ ಸ್ಕೂಲ್ಗೂ ಒಂದಿನ ಬನ್ನಿ ಮೇಡಂ" ಎಂದರು. ನನಗಲ್ಲ, ಚಿಕ್ಕಮ್ಮನಿಗೆ!

ಎಲೆಗಳು ಆಹಾರ ತಯಾರಿಸುವ ವಿಡಿಯೋಗೂ ಇದೇ ಗತಿ. ಬಿಸಿಲಲ್ಲೇ ಅಡುಗೆ, ಪಾತ್ರೆ ಬೆಳಗುವ ಕೆಲಸವಿಲ್ಲ ಎಂದು ಎಲೆಯ ಮೇಲೆ ಹೊಟ್ಟೆಕಿಚ್ಚು ಪಟ್ಟರು.

ಇಂಥ ಚಿಕ್ಕಮ್ಮನ ದನಿ ಒಡೆಯತೊಡಗಿತು. ಮಂಡ್ಯದ ಡಾಕ್ಟರು ಗಂಟಲಲ್ಲಿ ಗಂಟಿದೆ, ಆಪರೇಷನ್ ಆಗಬೇಕು, ದನಿ ಮೊದಲಿನಂತೆ ಬರುತ್ತದೆಂದು ಹೇಳಲಾಗದು ಎಂದರು. ಮಾತೇ ಬಂಡವಾಳವಾದವರಿಗೆ! ನನಗೆ ಅಳು ಬಂತು.

"ಅಳ್ತಾ ಕುಂತ್ರೆ ಆಯ್ತದಾ? ವಿಡಿಯೋಗೆ ನಮ್ ದನಿ ಸೇರ್ಸೋದು ಏಳ್ಕೊಡು ಮಗ" ಎಂದರು ಚಿಕ್ಕಮ್ಮ. ತರಬೇತಿಯಲ್ಲಿ ಅದನ್ನು ಕಲಿಸುವಾಗ ವಡೆ ತಿನ್ನುತ್ತಿದ್ದವರು ಇವರೇ!

ಕಡಿಮೆ ಮಾತಾಡಿ ಎಂದಿದ್ದರು ಡಾಕ್ಟರು. ಕೇಳಿದವರ್ಯಾರು? ಆಪರೇಷನ್ನಿಗೆ ಮುಂಚಿನ ಭಾನುವಾರ ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ, ಬಿಸಿನೀರು ಗುಟುಕರಿಸುತ್ತ ಒಡಕು ದನಿಯಲ್ಲೇ ಮುಂದಿನ ಪಾಠಗಳನ್ನೆಲ್ಲ ಹೇಳಿ ವಿಡಿಯೋಗಳಿಗೆ ಸೇರಿಸಿದರು. ಒಂದು ಪಾಠದ ನಡುವೆ ಎಮ್ಮೆ ಕೂಗಿದೆ. ತೆಗೆಯೋಣವೆಂದರೆ, "ಇರ್ಲಿ ಬುಡು, ಐಕ್ಳಿಗೆ ಅದೂ ಗೊತ್ತಿರೋ ದನೀನೇ" ಎಂದರು.

ಆಪರೇಷನ್ ಆಗಿ, ರಜೆ ಮುಗಿಸಿ ಅವರು ಶಾಲೆಗೆ ಹೋದ ದಿನ ನಾನೂ ಜೊತೆಗೆ ಹೋದೆ. ಬಾಯಿಂದ ಬರುತ್ತಿದ್ದುದು ಬರೀ ಪಿಸುಮಾತು. ವಿಡಿಯೋದಲ್ಲಿ ಅವರ ದನಿ ಪಾಠ ಮುಗಿಸಿತು. ಚಿಕ್ಕಮ್ಮ ಎದ್ದು ನಿಂತು, ನೀರು ಆವಿಯಾದರೆ ಎಲ್ಲಿಗೆ ಹೋಗುತ್ತದೆ ಎಂದು ಪಿಸುದನಿಯಲ್ಲೇ ಕೇಳಿದರು. ಸೂರು ಹಾರಿಸುವಂತೆ ಕಿರುಚುವ ಆ ಮಕ್ಕಳು ಅಷ್ಟೂ ಜನ ಪಿಸುಗುಟ್ಟಿ ಉತ್ತರ ಹೇಳಿದರು. ಚಿಕ್ಕಮ್ಮ ಬೋರ್ಡಿನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಕ್ಕದಲ್ಲಿದ್ದ ಹುಡುಗಿಯನ್ನು, "ನೀವ್ಯಾಕಮ್ಮ ಪಿಸುಗುಟ್ತೀರಿ?" ಎಂದು ಕೇಳಿದೆ.

"ಮಿಸ್ಸೊಬ್ರೇ ಅಂಗ್ ಮಾತಾಡುದ್ರೆ ಅವ್ರಿಗೆ ಬೇಜಾರಾಯ್ತದೆ ಕಣಕ್ಕ" ಎಂದಳು, ಮೆಲ್ಲಗೆ.