ನೀರುಗಂಟಿ ಮಾವನ ಹೊಟ್ಟೆ ರಿಪೇರಿ

ನಮ್ಮ ಮಾವನಷ್ಟು ಕೆಟ್ಟ ರೋಗಿ ಇಡೀ ಮಧುಗಿರಿ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಕರ್ಪೂರ ಹಚ್ಚಿ ಹೇಳಬಲ್ಲೆ! ಅಮ್ಮನ ಈ ಅಣ್ಣ ದೊಡ್ಡೇರಿ ಕಡೆಯ ಹಳ್ಳಿಯೊಂದರ ನೀರುಗಂಟಿ. ವಾಲ್ವು ತಿರುಗಿಸಿ ಊರಿನ ನಲ್ಲಿಗಳಿಗೆಲ್ಲ ನೀರು ಬಿಡುವವನು. ಎಲ್ಲಿ ತೊಟ್ಟಿಕ್ಕಿದರೂ ಅವನಿಗೆ ಮೈಯೆಲ್ಲ ಉರಿ. ಕೊರಟಗೆರೆಯಲ್ಲಿ ನಮ್ಮಕ್ಕನ ಮದುವೆಯ ದಿನ ಛತ್ರದ ನಲ್ಲಿ ಸೋರುತ್ತಿತ್ತು. ಇವನು ಅದನ್ನು ಬಿಚ್ಚಿ, ಸೈಕಲ್ ಟ್ಯೂಬಿನ ಚೂರು ಸುತ್ತಿ ಕೂರಿಸುವಷ್ಟರಲ್ಲಿ ಧಾರೆಯೇ ಮುಗಿದಿತ್ತು. ವಧುವಿನ ಸೋದರಮಾವ ಎಲ್ಲಿದ್ದರೂ ಬರಬೇಕೆಂದು ಮೈಕಿನಲ್ಲಿ ಕೂಗಿದಾಗ, ಯಾವನೋ ಬೇಜವಾಬ್ದಾರಿ ಎಂದು ಇವನೂ ಬೈದನಂತೆ!

ಇಂಥವನ ಕರುಳಿನಲ್ಲಿ ಗಡ್ಡೆ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಗೇಣುದ್ದ ಕರುಳು ಕತ್ತರಿಸಿ, ಎರಡು ತುದಿ ಸೇರಿಸಿ ಹೊಲಿದರು. ಹೊಟ್ಟೆಯ ಪಕ್ಕದಿಂದ ಒಂದು ಕೊಳವೆ ಹೊರಬಿಟ್ಟು ಚೀಲ ಕಟ್ಟಿದರು.

"ಒಳಗೆ ಹೊಲಿಗೆ ಸೋರಿದ್ರೆ ಇದರಲ್ಲಿ ಗೊತ್ತಾಗುತ್ತೆ" ಎಂದರು ಡಾಕ್ಟರು.

ಸೋರಿದರೆ! ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಮಾವ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದೆ, ಕೆಮ್ಮದಿದ್ದರೆ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ.

"ಯಾಕ್ಲಾ, ಸತ್ತೋದ್ನಾ ಅಂತ ನೋಡ್ತೀಯಾ?"

"ಇಲ್ಲ ಮಾವ, ನೊಣ."

"ನೊಣ ನಾನೇ ಹೊಡ್ಕಂತೀನಿ, ಕುಂತ್ಕೊ."

ನಾಲ್ಕು ದಿನ ಚೀಲ ಬರಿದು ಮಾಡಿದಷ್ಟೂ ಕೆಂಪು ನೀರು ತುಂಬುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಚೀಲ ಖಾಲಿ! ನನಗೆ ಹೋದ ಜೀವ ಬಂದಂತಾಯಿತು. ಮಧ್ಯಾಹ್ನದ ಹೊತ್ತಿಗೆ ಮಾವನಿಗೆ ಚಳಿಜ್ವರ. ನಾಡಿ ಓಡುತ್ತಿತ್ತು, ಹೊಟ್ಟೆ ಕಲ್ಲಾಗಿತ್ತು.

"ನೋವಿದೆಯಾ?" ಎಂದರು ನರ್ಸಮ್ಮ.

"ಬಲು ಚೆಂದಾಗಿದೀನಿ ಕಣಮ್ಮ" ಎಂದ, ಹಲ್ಲು ಕಚ್ಚಿಕೊಂಡು.

ಆಕೆ ಹೊದಿಕೆ ಸರಿಸಿದರು. ಕೊಳವೆಯ ಕ್ಲಿಪ್ಪು ಬಿಗಿಯಾಗಿ ಮುಚ್ಚಿತ್ತು.

"ಯಾರ್ರೀ ಮುಚ್ಚಿದ್ದು?"

"ನಾನೇಯ. ಸೋರ್ತಿತ್ತಲ್ಲ, ವಾಲ್ವು ಬಂದ್ ಮಾಡ್ದೆ."

ಕ್ಲಿಪ್ಪು ಬಿಚ್ಚಿದ್ದೇ ತಡ, ಬಗ್ಗಡದಂಥದ್ದು ನಾತದೊಂದಿಗೆ ಇಳಿಯಿತು. ಸ್ಕ್ಯಾನ್ ಮಾಡಿದರೆ ಹೊಲಿಗೆಯ ಒಂದು ಮೂಲೆ ಬಿಟ್ಟಿತ್ತು. ಇಂಜೆಕ್ಷನ್ ಕೊಡುತ್ತೇವೆ, ಬಾಯಿಗೆ ಏನೂ ಇಲ್ಲ, ತಾನಾಗೇ ಕೂಡಬಹುದು ಎಂದರು ಡಾಕ್ಟರು. ಕೂಡದಿದ್ದರೆ? ಮತ್ತೆ ಹೊಟ್ಟೆ ತೆರೆಯಬೇಕು, ಈ ದೇಹ ತಡೆಯುವುದು ಕಷ್ಟ ಎಂದು ನನ್ನೊಬ್ಬನಿಗೇ ಹೊರಗೆ ಕರೆದು ಹೇಳಿದರು. ಒಳಗೆ ಬಂದು ಮಾವನಿಗೆ ಮೊದಲರ್ಧವನ್ನಷ್ಟೇ ಹೇಳಿದೆ.

ಮಾವನಿಗೆ ಮಾತ್ರ ಚಿಕಿತ್ಸೆ ಪೂರ್ತಿ ಒಪ್ಪಿಗೆ. "ಸರ್ಯಾಗೈತೆ. ಪೈಪಿಗೆ ಬಳಿದ ಗಮ್ಮು ಒಣಗೋ ಗಂಟ ಲೈನಿಗೆ ನೀರು ಬುಡಬಾರ್ದು." ತುಟಿಗೆ ಒದ್ದೆ ಹತ್ತಿ ಒತ್ತಲು ಹೋದರೂ ಬಾಯಿ ಬಿಗಿ! "ಡಾಕ್ಟರೇ ಹೇಳಿದ್ದು ಮಾವ" ಎಂದರೆ, "ಅವ್ರು ಪೈಪ್‌ಲೈನ್ ಮಾಡವ್ರಾ?" ಎಂಬ ಹಾಗೆ ಹುಬ್ಬೇರಿಸುತ್ತಿದ್ದ.

ಎರಡು ವಾರ ದಿನಕ್ಕೆ ಹತ್ತು ಸಲ ಚೀಲ ನೋಡಿದೆ. ಕೊನೆಗೂ ಜ್ವರ ಇಳಿಯಿತು, ಸೋರುವುದು ನಿಂತಿತು. ಎರಡು ಚಮಚ ನೀರು ಕೊಡಿ ಎಂದರು. ಚಮಚ ಹಿಡಿದಾಗ ನನಗೆ ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೇ ಬಂತು.

"ಸಾಯ್ತಿದ್ದೆಯಲ್ಲ ಮಾವ! ನೀರುಗಂಟಿ ಬುದ್ಧಿ ಇಲ್ಲೂ ತೋರಿಸ್ಬೇಕಿತ್ತಾ?"

"ಸೋರೋ ಲೈನು ಬಂದ್ ಮಾಡಿದ್ರೆ ಒಳಗೇ ಒಡೀತೈತೆ ಅಂತ ನಂಗೊತ್ತಿಲ್ವೇನ್ಲಾ?" ಎಂದ ಮೆಲ್ಲಗೆ. "ನೀನು ನಾಕು ದಿನದಿಂದ ಉಂಡಿರ್ಲಿಲ್ಲ. ಚೀಲ ಖಾಲಿ ಕಂಡ್ರೆ ಧೈರ್ಯವಾಗಿ ಹೋಗಿ ಉಂಡ್ಕಂಡು ಬತ್ತೀಯ ಅಂತ ಮುಚ್ಚಿದೆ."

ಚೀಲ ಖಾಲಿ ಕಂಡ ಆ ಬೆಳಿಗ್ಗೆ ನಾನು ನಿಜಕ್ಕೂ ಕ್ಯಾಂಟೀನಿಗೆ ಹೋಗಿ ಎರಡು ಮುದ್ದೆ ಉಂಡುಬಂದಿದ್ದೆ. ಚಮಚದ ನೀರೆಲ್ಲ ಅವನ ಹಾಸಿಗೆಯ ಮೇಲೆ ಚೆಲ್ಲಿತು. ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.