ತಳ್ಳಬಾರದ ಕಾರು

ಕಾರ್ತಿಕ ಮಾಸದ ಎರಡನೇ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹುಲ್ಲಹಳ್ಳಿಯ ಗದ್ದೆಗಳ ಮೇಲೆ ಇನ್ನೂ ಮಂಜು ಕೂತಿತ್ತು. ರಂಗಸ್ವಾಮಿ ಅಪ್ಪನ ಕಾಲದ ಅಮೆರಿಕದ ಕಾರಿನೊಳಗೆ ಕೂತು ಕೀಲಿ ತಿರುಗಿಸಿದ. ಏನೂ ಸದ್ದಾಗಲಿಲ್ಲ. ಆದರೆ ಕಾರು ಹೊರಟಿತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು. ಒಂದು ಕಾಲದಲ್ಲಿ ಅದು ಗುಡುಗಿದರೆ ನಾಲೆಯ ಆಚೆ ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತುತ್ತಿದ್ದವು. ಹೊರಟಷ್ಟು ಸಲ ನಿಲ್ಲುತ್ತಲೂ ಇತ್ತು. ನಿಂತಾಗಲೆಲ್ಲ ಊರಿನವರು ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ತಳ್ಳುತ್ತಿದ್ದರು. ಯಾರೂ ಕರೆಯಬೇಕಾಗಿರಲಿಲ್ಲ. ಸಾವಿನ ಮನೆಗೆ ಹೋಗುವ ಹಾಗೆ, ಅದೂ ಊರಿನ ಒಂದು ನಡವಳಿಕೆಯಾಗಿತ್ತು.

ಇಂಜಿನ್ ಸತ್ತು ಎಂಟು ವರ್ಷ ಶೆಡ್ಡಿನಲ್ಲಿ ಬಿದ್ದಿದ್ದ ಆ ಕಾರಿಗೆ ನಂಜನಗೂಡಿನ ಮೆಕ್ಯಾನಿಕ್ ರಘು ಬ್ಯಾಟರಿ, ಮೋಟಾರು ಕೂರಿಸಿಕೊಟ್ಟಿದ್ದ. "ಅಮೆರಿಕದೋರೂ ಇದ್ನೇ ಮಾಡ್ತಾವ್ರೆ ಕಣಣ್ಣ. ಮೈಯೆಲ್ಲ ಹಳೇದ್ರಂಗೇ, ಒಳ್ಗೆ ಬ್ಯಾಟ್ರಿ," ಎಂದು ಮೊಬೈಲಿನಲ್ಲಿ ತೋರಿಸಿಯೂ ಇದ್ದ.

ಹೆಂಡತಿ ನಾಗರತ್ನ ಒಂದೇ ಷರತ್ತು ಹಾಕಿದ್ದಳು. "ನಂಜನಗೂಡ್ಗೆ ಓಗಿ ಒತ್ತು ಮುಳುಗಾದ್ರೊಳ್ಗೆ ಮನೆಗ್ ಬನ್ನಿ. ಒಬ್ರೂ ತಳ್ಬಾರ್ದು. ತಳ್ಳುದ್ರೋ, ನಾಳೀಕೇ ಗುಜರಿಗೆ. ಆ ಶೆಡ್ಡು ನನ್ನ ಅಸುಗೋಳ್ಗೆ ಬೇಕು." ಸಾಕ್ಷಿಗೆಂದು ಪಕ್ಕದ ಮನೆಯ ಮುದ್ದಮ್ಮನನ್ನು ಹಿಂದಿನ ಸೀಟಿಗೆ ಹತ್ತಿಸಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಕುರಿಮಂದೆ ಅಡ್ಡ ಬಂತು. ರಂಗಸ್ವಾಮಿ ಬ್ರೇಕ್ ಹಾಕಿದ. ಟೀ ಅಂಗಡಿಯ ಮಂಟೇಸ್ವಾಮಿ ಒಂದು ಗಳಿಗೆ ಕಿವಿಗೊಟ್ಟು ನೋಡಿದ.

"ಅಯ್ಯೋ, ತಿರ್ಗಾ ನಿಂತೋಯ್ತು! ಬನ್ರಲಾ!"

ಅವನೂ ಸೇರಿ ನಾಲ್ಕು ಜನ ಡಿಕ್ಕಿಗೆ ಕೈ ಹಚ್ಚಿದರು.

"ಮುಟ್ಬ್ಯಾಡಿ! ಓಡ್ತಾ ಅದೆ!"

"ಓಡ್ತಾ ಇದ್ರೆ ಸದ್ದೆಲ್ಲಿ ರಂಗಣ್ಣ? ನಾಚ್ಕೋಬ್ಯಾಡ, ನಾವೇನ್ ಒಸಬ್ರಾ?"

ರಂಗಸ್ವಾಮಿ ಹೆದರಿ ಆಕ್ಸಿಲರೇಟರ್ ಒತ್ತಿದ. ಕಾರು ಹಾವಿನ ಹಾಗೆ ಸರಿದುಹೋಯಿತು. ಮಂಟೇಸ್ವಾಮಿ ನಮಸ್ಕಾರ ಹಾಕುವವನಂತೆ ರಸ್ತೆಯ ಮೇಲೆ ಉದ್ದಕ್ಕೆ ಮಲಗಿದ.

"ಚಿಗಮ್ಮ, ಅವ್ರು ತಳ್ಳನಿಲ್ಲ, ಅಲ್ವಾ?"

"ಮುಟ್ಟುದ್ರು. ತಳ್ಳನಿಲ್ಲ," ಎಂದು ಮುದ್ದಮ್ಮ ಎಲೆಅಡಿಕೆ ಜಗಿಯುತ್ತ ತೀರ್ಪು ಕೊಟ್ಟಳು.

ನಂಜನಗೂಡಿನ ಒಳಗೆ ಗುರುತಿಲ್ಲದವರೂ ತಳ್ಳಲು ಬಂದರು. ಬೈಕಿನವನೊಬ್ಬ ಕಾಲು ಕೊಟ್ಟು ನೂಕಲು ನೋಡಿದ. ರಘುವಿನ ಅಂಗಡಿ ಮುಟ್ಟುವಷ್ಟರಲ್ಲಿ ರಂಗಸ್ವಾಮಿಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು.

"ಸದ್ದಿಲ್ದಿದ್ರೆ ನಮ್ ಜನ ಬುಡಾಕಿಲ್ಲ ಕಣಪ್ಪ. ಏನಾರ ಮಾಡು."

ರಘು ನಕ್ಕ. "ಅಮೆರಿಕದಲ್ಲೂ ಇದೇ ಕತೆ ಅಣ್ಣ. ಸದ್ದಿಲ್ದಿದ್ರೆ ಗಿರಾಕಿ ಒಪ್ಪಾಕಿಲ್ಲ ಅಂತ ಸ್ಪೀಕರ್ ಮಡಗವ್ರೆ."

ಅವನು ಬಾನೆಟ್ಟಿನ ಒಳಗೆ ಒಂದು ಸ್ಪೀಕರ್ ಕಟ್ಟಿ, ಅದಕ್ಕೆ ಬೇರೆಯೇ ಪುಟ್ಟ ಬ್ಯಾಟರಿ ಕೊಟ್ಟ. ಹಳೆಯ ಅಮೆರಿಕ ಕಾರಿನ ಗುಡುಗನ್ನು ಮೊಬೈಲಿನಿಂದ ಅದರೊಳಗೆ ತುಂಬಿದ. ಕಾರನ್ನು ಚಾರ್ಜಿಗೆ ಹಾಕಬೇಕೆಂದಿದ್ದ ಹೊತ್ತೆಲ್ಲ ಅದರಲ್ಲೇ ಕಳೆದು ಸಂಜೆಯಾಯಿತು.

ವಾಪಸು ಬರುವಾಗ ಜನ ದಾರಿ ಬಿಟ್ಟು ನಿಂತರು. ಸದ್ದು ಬರುತ್ತಿರುವುದು ಪೆಟ್ಟಿಗೆಯೊಳಗಿಂದ ಎಂದು ರಂಗಸ್ವಾಮಿಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ತೇವವಾಯಿತು. ಪಕ್ಕದಲ್ಲಿ ಅಪ್ಪ ಕೂತು, "ಮೆಲ್ಗೆ ಓಡ್ಸ್ಲಾ" ಎನ್ನುತ್ತಿದ್ದಾನೆ ಅನ್ನಿಸಿತು. ತೀರಿಹೋದದ್ದು ತಿರುಗಿ ಬರುವುದಾದರೆ ಅಷ್ಟು ಬಂದರೂ ಸಾಕಲ್ಲವೇ.

ಊರ ಮುಂದಿನ ನಾಲೆ ಸೇತುವೆಯ ಏರಿನಲ್ಲಿ ಬ್ಯಾಟರಿ ಮುಗಿಯಿತು. ಕಾರು ನಿಂತಿತು. ಗುಡುಗು ಮಾತ್ರ ನಿಲ್ಲಲಿಲ್ಲ. ಅದನ್ನು ಕೇಳಿ ಮಂಟೇಸ್ವಾಮಿಯೂ ಊರಿನವರೂ ಸೇತುವೆಯ ಹತ್ತಿರ ಬಂದು ಸೇರಿದರು.

ಮನೆಯ ಹೆಂಚು ಕಾಣುತ್ತಿತ್ತು. ಹೊತ್ತು ತೆಂಗಿನ ಮರಗಳ ಸುಳಿಗೆ ಇಳಿದಿತ್ತು. ರಂಗಸ್ವಾಮಿ ಕೆಳಗಿಳಿದು, ಷರತ್ತನ್ನೂ ಮರೆತು, ಮಂಟೇಸ್ವಾಮಿಗೆ ಕೈ ಮುಗಿದ. "ಸ್ವಲ್ಪ ತಳ್ರಪ್ಪ."

"ಬೆಳಗ್ಗೆ ತಳ್ಳಾಕ್ ಬಂದು ಮಂಡಿ ತರಚ್ಕಂಡಿವ್ನಿ. ಈಗ ನೋಡುದ್ರೆ ಉಲಿಯಂಗ್ ಗುರುಗುಡ್ತಾ ಅದೆ, ತಳ್ಬೇಕಂತೆ!"

"ಯಾರೂ ಮುಟ್ಬ್ಯಾಡಿ ಕಣ್ರೋ!" ಮುದ್ದಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮುಟ್ಟುದ್ರೆ ಪಾಪ, ರಂಗನ ಕಾರು ಗುಜರಿಗೋಯ್ತದೆ!"

ಕೂಡಲೇ ಊರಿನವರೆಲ್ಲ ರಂಗಸ್ವಾಮಿಯ ಮೇಲಿನ ಪ್ರೀತಿಗೆ ಕೈ ಕಟ್ಟಿ ನಿಂತರು. ಅವನು ಬೇಡಿಕೊಂಡಷ್ಟೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಆಗ ನಾಗರತ್ನ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿಗೆ ಎರಡೂ ಕೈ ಊರಿದಳು.

"ನೀನೇ ಒಬ್ರೂ ತಳ್ಬಾರ್ದು ಅಂದಿದ್ದೆ?"

"ಅದು ಊರೋರ್ಗೆ. ನಂಗೇನ್ ಇದು ಒಸ್ದಾ? ಮದ್ವೆ ಆದ್ಮೇಲೆ ಮೊದ್ಲು ತವ್ರಿಗೆ ಒಂಟಾಗ, ರೇಷ್ಮೆ ಸೀರೇಲಿ ತಳ್ಳಿದ್ನಲ್ಲ, ಗ್ಯಾಪ್ಕ ಅದಾ? ಆವತ್ತಿಂದ ಬಸ್ಸಲ್ಲೇ ಓಗ್ತಾ ಇವ್ನಿ. ನೂಕಿ."

ರಂಗಸ್ವಾಮಿ ಕಿಟಕಿಯಿಂದ ಸ್ಟೀರಿಂಗ್ ಹಿಡಿದು, ಬಾಗಿಲಿಗೆ ಹೆಗಲು ಕೊಟ್ಟ. ಆ ದಿನದ್ದು ಅವನಿಗೆ ನೆನಪಿದ್ದದ್ದು ಕಾರು ಮತ್ತೆ ಹೊತ್ತಿಕೊಂಡಾಗಿನ ಸದ್ದು ಮಾತ್ರ. ಇಬ್ಬರೂ ತಳ್ಳಿದರು. ಹೊತ್ತು ಮುಳುಗುವ ಮೊದಲೇ ಕಾರು ಶೆಡ್ಡು ಸೇರಿತು. ಗೆದ್ದೆನೆಂದು ರಂಗಸ್ವಾಮಿ ಅಂದು ಎರಡು ಮುದ್ದೆ ಹೆಚ್ಚಿಗೆ ಉಂಡ.

ಮಂಗಳವಾರ ರಘು ಚಾರ್ಜರ್ ತಂದುಕೊಟ್ಟ. "ಈ ಕಾರ್ಗೆ ಗೇರು ಎಷ್ಟಪ್ಪ?" ಎಂದು ನಾಗರತ್ನ ಕೇಳಿದಳು.

"ಗೇರೇ ಇಲ್ಲ ಅತ್ಗೆ. ನಿಮ್ಮಂಗೆ ಸ್ಕೂಟಿ ಓಡ್ಸೋರ್ಗೆ ನೀರು ಕುಡ್ದಂಗೆ."

ಬುಧವಾರ ಬೆಳಿಗ್ಗೆ ರಂಗಸ್ವಾಮಿ ಹಿತ್ತಲಲ್ಲಿ ಹಾಲು ಕರೆಯುತ್ತ ಕೂತಿದ್ದ. ನಾಗರತ್ನ ಸ್ಪೀಕರಿನ ವೈರು ಕಿತ್ತಿಟ್ಟು, ಮುದ್ದಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾರು ಓಡಿಸಿಕೊಂಡು ಟಿ. ನರಸೀಪುರದ ತವರಿಗೆ ಹೊರಟುಹೋದಳು. ಅವನಿಗೆ ಕೇಳಿಸಲೇ ಇಲ್ಲ.